ಬಾಗಿಲ ಹಿಡಿ ಬಡಿದು ಡ್ರೈವಾಲ್ ತೂತಾದರೆ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಾವಿರುವ ಮನೆ 1990ರ ದಶಕದಲ್ಲಿ ಕಟ್ಟಿದ್ದು. ಮಲಗುವ ಕೋಣೆಯ ಬಾಗಿಲ ಹಿಡಿ ಬಡಿದು ಗೋಡೆಯಲ್ಲಿ ಸುಮಾರು 3 ಇಂಚಿನ ತೂತಾಗಿದೆ. ಅದರೊಳಗೆ ಹಳೆಯ ಪೇಪರ್ ತುರುಕಿ, ಮೇಲೆ ಡಬ್ಬದ ಪುಟ್ಟಿ ಮೆತ್ತಿದೆ. ಎರಡೇ ದಿನಕ್ಕೆ ಬಿರುಕು ಬಿಟ್ಟು ನಡುಭಾಗ ಒಳಕ್ಕೆ ಕುಸಿಯಿತು. ಊರಿನಲ್ಲಿ ಗಾರೆ ಮೆತ್ತಿ ಗೋಡೆ ಸರಿಮಾಡುವುದನ್ನು ನೋಡಿ ಬೆಳೆದವನು ನಾನು. ಇಲ್ಲಿ ಎಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ.

ಉತ್ತರ: ಊರಿನ ಗೋಡೆಯಲ್ಲಿ ಗಾರೆ ಕಚ್ಚಿಕೊಳ್ಳಲು ಹಿಂದೆ ಇಟ್ಟಿಗೆ ಇರುತ್ತದೆ. ನಿಮ್ಮ ಈಗಿನ ಗೋಡೆಯಾದರೋ ಡ್ರೈವಾಲ್, ಅಂದರೆ ಎರಡು ಕಾಗದಗಳ ನಡುವೆ ಜಿಪ್ಸಮ್ ತುಂಬಿದ, ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ ಹಲಗೆ. ಅದನ್ನು ಹಿಡಿದು ನಿಂತಿರುವ ಮರದ ಕಂಬಗಳು, ಅಂದರೆ ಸ್ಟಡ್‌ಗಳು, ಬಹುತೇಕ ಮನೆಗಳಲ್ಲಿ 16 ಇಂಚಿಗೊಂದರಂತೆ ಇದ್ದು, ನಡುವೆ ಬರಿಯ ಟೊಳ್ಳು. ತುರುಕಿದ ಪೇಪರ್ ಪುಟ್ಟಿಯ ನೀರು ಹೀರಿ ಮೆತ್ತಗಾಯಿತು, ದಪ್ಪನಾಗಿ ಮೆತ್ತಿದ ಪುಟ್ಟಿ ಒಣಗುತ್ತಾ ಕುಗ್ಗಿತು, ಆಸರೆಯಿಲ್ಲದೆ ಒಳಕ್ಕೆ ಬಿತ್ತು. ಮೊಳೆ ಕಿತ್ತ ತೂತಿಗೆ ಪುಟ್ಟಿಯೊಂದೇ ಸಾಕು. 3 ಇಂಚಿನದಕ್ಕೆ ಹೊಸ ಹಲಗೆಯ ತೇಪೆಯೇ ಬೇಕು.

ಮೊದಲು ಮೆತ್ತಿದ್ದನ್ನೆಲ್ಲ ಕಿತ್ತು, ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ವಿದ್ಯುತ್ ತಂತಿಯಾಗಲಿ ನೀರಿನ ಕೊಳವೆಯಾಗಲಿ ಇದೆಯೇ ಎಂದು ನೋಡಿಕೊಳ್ಳಿ. ಬಾಗಿಲ ಪಕ್ಕದಲ್ಲಿ ಸ್ವಿಚ್ ಇರುವುದು ಸಾಮಾನ್ಯವಾದ್ದರಿಂದ ಆ ಕೋಣೆಯ ಬ್ರೇಕರ್ ಆರಿಸಿಯೇ ಗರಗಸ ಹಿಡಿಯುವುದು ಒಳ್ಳೆಯದು. ಒಡೆದ ಅಂಚು ದಾಟಿ, ಗಟ್ಟಿ ಹಲಗೆ ಸಿಗುವವರೆಗೆ ಚೌಕವಾಗಿ ಕತ್ತರಿಸಿ. ದುಂಡನೆಯ ತೂತಿಗೆ ತೇಪೆ ಹೊಂದಿಸುವುದಕ್ಕಿಂತ ಚೌಕಕ್ಕೆ ಹೊಂದಿಸುವುದು ಎಷ್ಟೋ ಸುಲಭ.

ಇನ್ನು ಆಸರೆ. ಚೌಕಕ್ಕಿಂತ 4 ಇಂಚಿನಷ್ಟು ಉದ್ದವಿರುವ ಒಂದು ಮರದ ಪಟ್ಟಿಯನ್ನು ತೂತಿನೊಳಗೆ ಓರೆಯಾಗಿ ತೂರಿಸಿ, ಗೋಡೆಯ ಹಿಂಬದಿಗೆ ಒತ್ತಿ ಹಿಡಿದು, ಹೊರಗಿನಿಂದ ಎರಡೂ ತುದಿಗೆ 1¼ ಇಂಚಿನ ಡ್ರೈವಾಲ್ ಸ್ಕ್ರೂ ಬಿಗಿಯಿರಿ. ಕೈಜಾರಿದರೆ ಪಟ್ಟಿ ಗೋಡೆಯೊಳಗೇ ಸೇರಿಹೋಗುತ್ತದೆ. ಆದ್ದರಿಂದ ನಡುವೆ ಒಂದು ದಾರ ಕಟ್ಟಿಕೊಂಡಿರಿ. ಬಳಿಕ ಅಷ್ಟೇ ದಪ್ಪದ ಹಲಗೆಯನ್ನು ಚೌಕಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿ ಪಟ್ಟಿಗೆ ಕೂರಿಸಿ. ಸ್ಕ್ರೂವಿನ ತಲೆ ಕಾಗದದಲ್ಲಿ ತುಸುವೇ ತಗ್ಗಾಗಿ ಕೂರಬೇಕು. ಕಾಗದ ಹರಿದು ಜಿಪ್ಸಮ್ಮಿಗೆ ಇಳಿದರೆ ಹಿಡಿತ ಹೋದಂತೆಯೇ.

ಬಿರುಕು ಮರಳದಂತೆ ತಡೆಯುವುದು ಟೇಪ್. ತೇಪೆಯ ನಾಲ್ಕೂ ಸಂದಿಗೆ ಜಾಲರಿ ಟೇಪ್ ಅಂಟಿಸುವುದಾದರೆ, ಮೊದಲ ಪದರಕ್ಕೆ ಡಬ್ಬದ ಕಾಂಪೌಂಡ್ (ಡ್ರೈವಾಲ್ ಸಂದಿಗೆ ಮೆತ್ತುವ, ಕಲಸಿಟ್ಟೇ ಸಿಗುವ ಪುಟ್ಟಿ) ಬೇಡ, ಪುಡಿಯಾಗಿ ಸಿಗುವ ಸೆಟ್ಟಿಂಗ್ ಕಾಂಪೌಂಡ್ ಬಳಸಿ. ಡಬ್ಬದ್ದು ನೀರು ಆರಿ ಒಣಗುವಂಥದ್ದು, ಹಾಗಾಗಿ ಹೆಚ್ಚು ಕುಗ್ಗುತ್ತದೆ; ಪುಡಿಯದ್ದು ನೀರಿನೊಡನೆ ರಾಸಾಯನಿಕವಾಗಿ ಗಟ್ಟಿಯಾಗುವುದರಿಂದ ಕುಗ್ಗುವುದು ಕಡಿಮೆ. ಚೀಲದ ಮೇಲಿನ 20, 45, 90 ಎಂಬ ಅಂಕಿಗಳು ಅದು ಗಟ್ಟಿಯಾಗಲು ಹಿಡಿಯುವ ಅಂದಾಜು ನಿಮಿಷಗಳು. ಹೊಸಬರು 20ರ ಗೊಡವೆಗೆ ಹೋಗದಿರುವುದು ಲೇಸು, ಬಟ್ಟಲಿನಲ್ಲೇ ಕಲ್ಲಾಗಿಬಿಡುತ್ತದೆ. ತಣ್ಣೀರಿಗೆ ಪುಡಿ ಉದುರಿಸುತ್ತಾ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ, ಆಗ ಬೇಕಾದಷ್ಟನ್ನೇ ಕಲಸಿಕೊಳ್ಳಿ.

ಹೆಚ್ಚಿನವರು ಸೋಲುವುದು ಇದರ ಮುಂದಿನ ಹಂತದಲ್ಲಿ. ತೇಪೆಯನ್ನು ಮರೆಮಾಚುವುದು ಕಾಂಪೌಂಡಿನ ದಪ್ಪವಲ್ಲ, ಅದರ ಹರವು. ಮೊದಲ ಪದರಕ್ಕೆ 6 ಇಂಚು ಅಗಲದ ಪುಟ್ಟಿ ಎಳೆಯುವ ಬ್ಲೇಡು, ಮೇಲಿನ ಎರಡಕ್ಕೆ ಡಬ್ಬದ ಕಾಂಪೌಂಡು ಮತ್ತು 10 ಅಥವಾ 12 ಇಂಚಿನ ಬ್ಲೇಡು ಹಿಡಿದು, ಪ್ರತಿ ಬಾರಿಯೂ ಹಿಂದಿನದಕ್ಕಿಂತ ಅಗಲವಾಗಿ, ಅಂಚಿನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ತೆಳ್ಳಗೆ ಎಳೆಯಿರಿ. ಹಾಗೆ ಮಾಡಿದಾಗ 5 ಇಂಚಿನ ತೇಪೆಯ ಸುತ್ತ ಒಂದೂವರೆ ಅಡಿ ಅಗಲದ ಬಿಳಿ ಮಚ್ಚೆಯಾದರೆ ಗಾಬರಿ ಬೇಡ, ಅದೇ ಸರಿ. ಪದರಗಳ ನಡುವೆ ಪೂರ್ತಿ ಒಣಗಲು ಬಿಡಿ. ಡಬ್ಬದ್ದಕ್ಕೆ ಒಂದು ದಿನ ಬೇಕಾದೀತು. ಕೊನೆಗೆ 150ರ ಸ್ಯಾಂಡ್‌ಪೇಪರಿನಲ್ಲಿ ಹಗುರಾಗಿ ಉಜ್ಜಿ, ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡ ಬೆಳಕು ಬಿಟ್ಟು ನೋಡಿ. ಎದುರಿನಿಂದ ಕಾಣದ ಉಬ್ಬುತಗ್ಗುಗಳೆಲ್ಲ ಆಗ ನೆರಳಾಗಿ ಎದ್ದು ಕಾಣುತ್ತವೆ. ಧೂಳು ಹಿಟ್ಟಿನಂತೆ ಮನೆಯೆಲ್ಲ ಹರಡುವುದರಿಂದ ಮಾಸ್ಕ್ ಧರಿಸಿ, ಎಸಿಯನ್ನೋ ಹೀಟರನ್ನೋ ಅಷ್ಟು ಹೊತ್ತು ನಿಲ್ಲಿಸಿ. ನಿಮ್ಮ ಮನೆ 1990ರ ದಶಕದ್ದಾದ್ದರಿಂದ ಇಷ್ಟು ಸಾಕು. 1978ಕ್ಕಿಂತ ಹಿಂದೆ ಕಟ್ಟಿದ ಅಮೆರಿಕದ ಮನೆಗಳ ಬಣ್ಣದಲ್ಲಿ ಸೀಸವೂ, ಕಾಂಪೌಂಡಿನಲ್ಲಿ ಕಲ್ನಾರೂ ಇರುವ ಸಾಧ್ಯತೆಯಿದೆ. ಅಂಥಲ್ಲಿ ಪರೀಕ್ಷೆ ಮಾಡಿಸದೆ ಕತ್ತರಿಸಲೂಬಾರದು, ಉಜ್ಜಲೂಬಾರದು.

ಬಣ್ಣಕ್ಕೆ ಮೊದಲು ಪ್ರೈಮರ್ ತಪ್ಪಿಸಬೇಡಿ. ಕಾಂಪೌಂಡು ಬಣ್ಣವನ್ನು ಹೀರುವುದರಿಂದ, ಪ್ರೈಮರ್ ಇಲ್ಲದ ತೇಪೆ ಮಂಕಾಗಿ ಬೇರೆಯೇ ಕಾಣುತ್ತದೆ. ಹಳೆಯ ಬಣ್ಣದ ಡಬ್ಬ ಉಳಿದಿದ್ದರೂ ಗೋಡೆಯ ಬಣ್ಣ ಇಷ್ಟು ವರ್ಷಗಳಲ್ಲಿ ಮಾಸಿರುತ್ತದೆ; ಮೂಲೆಯಿಂದ ಮೂಲೆಗೆ ಇಡೀ ಗೋಡೆಗೇ ಬಳಿಯುವುದು ವಾಸಿ. ಅಂದಹಾಗೆ, ಬಾಗಿಲಿಗೆ ಡೋರ್ ಸ್ಟಾಪರ್ ಹಾಕುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳದೆ ಇವತ್ತೇ ಮುಗಿಸಿ. ಕಾಂಪೌಂಡು ಹಸಿಯಿರುವ ಮೂರು ನಾಲ್ಕು ದಿನಗಳಲ್ಲೇ ಯಾರಾದರೂ ಆ ಬಾಗಿಲನ್ನು ಜೋರಾಗಿ ತೆರೆಯುವುದುಂಟು.