ಬಯೋಫೀಡ್‌ಬ್ಯಾಕ್: ಯಾವ ಕಾಯಿಲೆಗೆ ರೊಕ್ಕ ಕಟ್ಟಬಹುದು, ಯಾವುದಕ್ಕೆ ಬೇಡ?

ಗದಗದಿಂದ ನೀವು ಕೇಳಿದ್ದು: ಅವ್ವನ ಮೈಗ್ರೇನ್, ಅಪ್ಪನ ಬಿಪಿ ಮತ್ತು ಮಲಬದ್ಧತೆ, ಮಗನ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ), ಎಲ್ಲದಕ್ಕೂ ಹುಬ್ಬಳ್ಳಿಯಲ್ಲಿ ಒಂದೇ ಬಯೋಫೀಡ್‌ಬ್ಯಾಕ್ ಪ್ಯಾಕೇಜ್ ಹೇಳಿದ್ದಾರೆ, ರೊಕ್ಕ ಕಟ್ಟಲಾ? ಪೂರ್ತಿ ಪ್ಯಾಕೇಜಿಗೆ ಕಟ್ಟಬೇಡ್ರಿ. ಅವ್ವನಿಗೆ ಮಾಡಿಸಬಹುದು. ಅಪ್ಪನ ಮಲಬದ್ಧತೆಗೆ ಮೊದಲು ಪರೀಕ್ಷೆ ಆಗಲಿ. ಉಳಿದೆರಡಕ್ಕೆ ನಾನು ಹೂಂ ಅನ್ನುವುದಿಲ್ಲ.

ಬಯೋಫೀಡ್‌ಬ್ಯಾಕ್ ಅಂದರೆ ಮೈಗೆ ಕರೆಂಟ್ ಕೊಡುವ ಚಿಕಿತ್ಸೆ ಅಲ್ಲ. ನಮ್ಮ ಅರಿವಿಗೆ ಬಾರದ ಸ್ನಾಯುವಿನ ಬಿಗಿತ, ಬೆರಳಿನ ಬಿಸಿ, ಎದೆಬಡಿತದ ಏರಿಳಿತವನ್ನು ಸೆನ್ಸರ್ ಅಳೆದು ಪರದೆಯ ಮೇಲೆ ತೋರಿಸುತ್ತದೆ. ಅದನ್ನು ನೋಡುತ್ತ ನಾವೇ ಬದಲಿಸಲು ಕಲಿಯಬೇಕು. ಅದಕ್ಕೇ ಕಾಯಿಲೆಗೆ ತಕ್ಕಂತೆ ಸೆನ್ಸರ್ ಬೇರೆ, ತರಬೇತಿಯೂ ಬೇರೆ. ಎಲ್ಲರಿಗೂ ಒಂದೇ ಸೆನ್ಸರ್ ಹಚ್ಚುವ ಕಡೆ ಹೋಗಬೇಡ್ರಿ.

ಮೈಗ್ರೇನ್ ಬಗ್ಗೆ ಪುರಾವೆ ಚೆನ್ನಾಗಿದೆ. 2007ರಲ್ಲಿ 55 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಮಧ್ಯಮ ಪ್ರಮಾಣದ ಲಾಭ ಕಂಡಿತು, ಸರಾಸರಿ 17 ತಿಂಗಳ ನಂತರವೂ ಅದು ಉಳಿದಿತ್ತು. ಬಳಸುವ ಒಂದು ವಿಧಾನ ಕೈ ಬೆಚ್ಚಗಾಗಿಸುವುದು. ತೋರುಬೆರಳ ತುದಿಗೆ ಉಷ್ಣತೆಯ ಸೆನ್ಸರ್ ಅಂಟಿಸುತ್ತಾರೆ, ಬೆರಳಿನ ಬಿಸಿಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಲು ಕಲಿಸುತ್ತಾರೆ. ಕೆಡುವುದು ಸಣ್ಣ ವಿಷಯಗಳಲ್ಲೇ. ಟೇಪನ್ನು ಬೆರಳ ಸುತ್ತ ಬಿಗಿದರೆ ರಕ್ತ ಓಡುವುದಿಲ್ಲ, ಎಷ್ಟು ಶಾಂತವಾಗಿ ಕೂತರೂ ಅಂಕಿ ಇಳಿಯುತ್ತದೆ. ಬಾಗಿಲಲ್ಲೇ ಕಡಕ್ ಚಹಾ ಕುಡಿದು ಬಂದರೂ ರಕ್ತನಾಳ ಕುಗ್ಗಿ ಕೈ ತಣ್ಣಗಾಗಬಹುದು. ಮೇ ತಿಂಗಳ ಬಿಸಿಲಲ್ಲಿ ಬಸ್ಸಿಳಿದು ಬಂದವರ ಬೆರಳು ಆಗಲೇ 35 ಇರುತ್ತದೆ, ಮತ್ತೇನು ಏರಬೇಕು? ತಂಪು ಕೋಣೆಯಲ್ಲಿ 15 ನಿಮಿಷ ಕೂತ ಮೇಲೆಯೇ ಅಳತೆ ಶುರುವಾಗಬೇಕು. ಹಣೆಯ ಸ್ನಾಯುವಿಗೆ ಇಎಂಜಿ (ಸ್ನಾಯುವಿನ ವಿದ್ಯುತ್ ಸಂಕೇತ ಅಳೆಯುವ) ಸೆನ್ಸರ್ ಹಚ್ಚುವುದಾದರೆ ವಿಭೂತಿ, ಕುಂಕುಮ, ಎಣ್ಣೆಯ ಜಿಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸಲೇಬೇಕು. ಇಲ್ಲದಿದ್ದರೆ ಗೋಡೆಯ ಕರೆಂಟ್ ವೈರಿನಿಂದ ಬರುವ 50 ಹರ್ಟ್ಜ್ ವಿದ್ಯುತ್ ಗದ್ದಲವೇ ಸ್ನಾಯುವಿನ ಬಿಗಿತದಂತೆ ಕಾಣುತ್ತದೆ, ಅವ್ವ ಸುಮ್ಮನೆ ತನ್ನನ್ನೇ ಬೈದುಕೊಳ್ಳುತ್ತಾರೆ.

ಮನೆಯಲ್ಲಿ ದಿನಾ ಅಭ್ಯಾಸ ಮಾಡದಿದ್ದರೆ ಸಿಟ್ಟಿಂಗ್ ಎಷ್ಟಾದರೂ ಉಪಯೋಗ ಕಡಿಮೆ. ತಲೆನೋವು ಬಂದ ದಿನ, ನುಂಗಿದ ಗುಳಿಗೆ, ಎರಡನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದೆರಡು ತಿಂಗಳಲ್ಲಿ ನೋವಿನ ದಿನಗಳು ಇಳಿಯದಿದ್ದರೆ ಸಿಟ್ಟಿಂಗ್ ನಿಲ್ಲಿಸಬಹುದು.

ಮಲಬದ್ಧತೆಯ ವಿಷಯ ಸ್ವಲ್ಪ ಬೇರೆ. ಮಲ ಹೊರಹಾಕಲು ತಿಣುಕುವಾಗ ಸಡಿಲಾಗಬೇಕಾದ ಗುದದ ಸ್ನಾಯು ಕೆಲವರಲ್ಲಿ ಉಲ್ಟಾ ಬಿಗಿಯಾಗುತ್ತದೆ. ಅಂಥವರಿಗೆ ಇದು ಬಹಳ ಒಳ್ಳೆಯ ಚಿಕಿತ್ಸೆ. ಇಟಲಿಯಲ್ಲಿ 109 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಂದರಂತೆ 5 ಸಿಟ್ಟಿಂಗ್ ಪಡೆದವರಲ್ಲಿ 6 ತಿಂಗಳಿಗೆ ಶೇ. 80 ಮಂದಿಗೆ ದೊಡ್ಡ ಸುಧಾರಣೆ ಕಂಡಿತು. ಮಲ ಸಡಿಲಿಸುವ ಔಷಧಿ ಪಡೆದವರಲ್ಲಿ ಶೇ. 22. ಆದರೆ ಕರುಳಿನ ಚಲನೆಯೇ ನಿಧಾನವಿದ್ದವರಿಗೆ ಇಷ್ಟು ಫಲವಿಲ್ಲ. ಹಾಗಾಗಿ ಮೊದಲು ಗ್ಯಾಸ್ಟ್ರೋ ಡಾಕ್ಟರಿಗೆ ತೋರಿಸಿ, ಮ್ಯಾನೋಮೆಟ್ರಿ (ಗುದದ ಸ್ನಾಯುವಿನ ಒತ್ತಡ ಅಳೆಯುವುದು) ಮತ್ತು ಬಲೂನ್ ಪರೀಕ್ಷೆ (ಒಳಗಿಟ್ಟ ಸಣ್ಣ ಬಲೂನನ್ನು ಹೊರಹಾಕಲು ಆಗುತ್ತದೆಯೇ ನೋಡುವುದು) ಕೇಳಿ.

ಬಿಪಿಗೆ ಪುರಾವೆ ತೆಳುವು. ಅದಕ್ಕೆ ರೊಕ್ಕ ಕೊಡುವ ಬದಲು ನಿಮಿಷಕ್ಕೆ ಸುಮಾರು 6 ಉಸಿರಾಟದ ಅಭ್ಯಾಸವನ್ನು ಅಪ್ಪ ಮನೆಯಲ್ಲೇ ಗಡಿಯಾರ ನೋಡಿಕೊಂಡು ಮಾಡಬಹುದು: 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ. ಜೋರಾಗಿ ಎಳೆದರೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತವೆ. ಆಗ ಉಸಿರು ಸಣ್ಣದು ಮಾಡಬೇಕು. ಬಿಪಿ ಗುಳಿಗೆಯನ್ನು ಮಾತ್ರ ಡಾಕ್ಟರ್ ಹೇಳದೆ ಒಂದು ದಿನವೂ ಬಿಡಿಸಬೇಡ್ರಿ.

ಮಗನ ವಿಷಯದಲ್ಲಿ ನನ್ನ ಮಾತು ಗಟ್ಟಿ. ಅಮೆರಿಕದಲ್ಲಿ 7ರಿಂದ 10 ವರ್ಷದ 144 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ನ್ಯೂರೋಫೀಡ್‌ಬ್ಯಾಕ್ (ಮಿದುಳಿನ ಅಲೆಗಳನ್ನು ತೋರಿಸುವ ಬಯೋಫೀಡ್‌ಬ್ಯಾಕ್), ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ತರಬೇತಿ ಕೊಟ್ಟರು. ಯಾರಿಗೆ ಯಾವುದು ಅಂತ ಪಾಲಕರಿಗೂ ಗೊತ್ತಿರಲಿಲ್ಲ. ಎರಡೂ ಗುಂಪು ಸುಧಾರಿಸಿದವು, ಚಿಕಿತ್ಸೆಯ ಕೊನೆಗೆ ನಡುವೆ ವ್ಯತ್ಯಾಸ ಸಿಗಲಿಲ್ಲ. ಅವನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿ. ಹೋಗುವಾಗ ಶಾಲೆಯ ಟೀಚರ್ ಬರೆದುಕೊಟ್ಟ ವರದಿಯೂ ಜೊತೆಗಿರಲಿ.