ಅಜ್ಜಿಯ ಬಗ್ಗೆ ಬರೆಯಲು ಕೂತರೆ ಬರೀ ಹೊಗಳಿಕೆ ಬರುತ್ತದೆ

ಪ್ರಶ್ನೆ: ನಮ್ಮಜ್ಜಿ ತೀರಿಕೊಂಡು ಕೆಲವು ತಿಂಗಳಾದವು. ಬೆಳಕು ಹರಿಯುವ ಮೊದಲೇ ಎದ್ದು, ಪ್ರಾರ್ಥನೆ ಮುಗಿಸಿ, ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದರು. ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಓದುಬರಹ ಬಾರದವರಿಗೆ ಕಾಗದ ಬರೆದುಕೊಟ್ಟು ಬರುತ್ತಿದ್ದರು. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು, ಕಷ್ಟ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದೀಗ ನನ್ನ ಹತ್ತಿರ ಇದೆ. ಅಜ್ಜಿಯ ನೆನಪಿಗೆ ಪುಟ್ಟ ಪುಸ್ತಕ ಮಾಡೋಣ, ನೀನೇ ಬರಿ ಎಂದು ಮನೆಯವರು ಹೇಳಿದ್ದಾರೆ. ನನಗೆ ಅವರಷ್ಟು ದೈವನಂಬಿಕೆ ಇಲ್ಲ. ಬರೆಯಲು ಕೂತರೆ ‘ಕರುಣಾಮಯಿ’, ‘ತ್ಯಾಗಮಯಿ’ ಎಂಬ ಮಾತು ಬರುತ್ತವೆ, ಅಜ್ಜಿ ಬರುವುದಿಲ್ಲ. ಇನ್ನೊಂದು ತೊಡಕು: ‘ಅಮ್ಮ ಎಲ್ಲರಿಗೂ ಸಿಗುತ್ತಿದ್ದಳು, ನಮಗೇ ಸಿಗುತ್ತಿರಲಿಲ್ಲ’ ಎಂದು ನನ್ನ ತಾಯಿ ಒಮ್ಮೆ ಅಂದಿದ್ದರು. ಅದನ್ನು ಬರೆಯಬಹುದೇ?
– ಹೆಸರು ಬೇಡ ಎಂದವರು

ಉತ್ತರ: ‘ಕರುಣಾಮಯಿ’ ಎಂಬುದನ್ನು ಹೊಡೆದುಹಾಕಿ, ‘ಮೈ ಒರೆಸಿ, ಬಟ್ಟೆ ಬದಲಿಸಿ’ ಎಂದು ಇಲ್ಲಿ ಬರೆದಿದ್ದೀರಲ್ಲ, ಅಲ್ಲಿಂದ ಮುಂದುವರಿಸಿ. ನೀರು ಬಿಸಿ ಮಾಡುತ್ತಿದ್ದವರು ಯಾರು? ಮುಜುಗರಪಡುವ ರೋಗಿಯ ಹತ್ತಿರ ಅಜ್ಜಿ ಏನು ಮಾತಾಡುತ್ತಿದ್ದರು? ನನ್ನ ಅಜ್ಜಿಯೂ ಹೀಗೆ ಮನೆ ಮನೆಗೆ ಹೋಗುತ್ತಿದ್ದವರು. ‘ಹೇಗಿದ್ದೀರಿ’ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. ‘ರಾತ್ರಿ ಯಾವ ಹೊತ್ತಿನಲ್ಲಿ ಹೆಚ್ಚು ಕಷ್ಟವಾಯಿತು?’ ಎಂದು ಕೇಳಿ, ಮರುದಿನ ಅದೇ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದರು. ಅವರ ಭಕ್ತಿ ಎಂಥದೆಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದನ್ನೇ.

ಮನೆಯವರ ನೆನಪಿಗೆ ನಿಲ್ಲಬೇಡಿ. ಅಜ್ಜಿಯ ಆರೈಕೆ ಪಡೆದವರಲ್ಲಿ ಬದುಕಿರುವವರನ್ನು, ಅವರ ಮಕ್ಕಳನ್ನು ಹುಡುಕಿ ಹೋಗಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ಅವರು 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ ಕಥೆಯನ್ನು ಜನ ನೆನಪಿನಿಂದ ಮತ್ತೆ ಮತ್ತೆ ಹೇಳಿದ ಹಾಗೆಲ್ಲ ಅದು ಚಿಕ್ಕದಾಗುತ್ತ ಹೋಯಿತು. ವಿಚಿತ್ರವೆನಿಸಿದ ವಿವರಗಳು ಉದುರಿ, ಅವರಿಗೆ ರೂಢಿಯಾದವು ಆ ಜಾಗಕ್ಕೆ ಬಂದವು. ಎಲ್ಲರೂ ಒಟ್ಟಿಗೆ ಕೂತು ನೆನೆಸಿಕೊಂಡಾಗಲೂ ಇದೇ ಆಗುತ್ತದೆ. ಜೋರಾಗಿ ಮಾತಾಡುವವರ ಅಜ್ಜಿಯೇ ಎಲ್ಲರ ಅಜ್ಜಿಯಾಗಿಬಿಡುತ್ತಾರೆ.

ನಿಮಗೆ ನಂಬಿಕೆ ಇಲ್ಲದಿರುವುದು ಅಡ್ಡಿಯೇನಲ್ಲ. ಇರುವಂತೆ ನಟಿಸಿದರೆ ಮಾತ್ರ ಬರಹ ಕೆಡುತ್ತದೆ. ಒಂದು ವಿಷಯ ಮಾತ್ರ ತಪ್ಪದೆ ವಿಚಾರಿಸಿ: ಅಷ್ಟು ಪ್ರಾರ್ಥಿಸಿದರೂ ರೋಗಿ ಉಳಿಯದಿದ್ದಾಗ ಅಜ್ಜಿ ಏನು ಮಾಡುತ್ತಿದ್ದರು? ಮಾರನೇ ದಿನ ಆ ಮನೆಗೆ ಹೋಗುತ್ತಿದ್ದರೇ? ನೋಟ್‌ಬುಕ್ಕಿನಿಂದ ಆ ಹೆಸರನ್ನು ತೆಗೆಯುತ್ತಿದ್ದರೇ, ಉಳಿಸಿಕೊಳ್ಳುತ್ತಿದ್ದರೇ? ಅವರ ನಂಬಿಕೆ ಕಾಣುವುದು ಅಲ್ಲೇ.

ತಾಯಿಯ ಮಾತಿಗೆ ಬರುತ್ತೇನೆ. ಬರೆಯಬಹುದು, ಬರೆಯಲೇಬೇಕು ಎಂದೇ ನನ್ನ ಅನಿಸಿಕೆ. ಆದರೆ ಅದು ಅವರ ಮಾತು, ಅವರ ಒಪ್ಪಿಗೆಯಿಲ್ಲದೆ ಅಚ್ಚಾಗಬಾರದು. ಪಕ್ಕ ಕೂತು ಕೇಳಿ: ಅಜ್ಜಿ ಹೊರಗೆ ಹೋದಾಗ ಮನೆಯ ಚಿಕ್ಕ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು? ತಾವೇ ಎಂದು ನಿಮ್ಮ ತಾಯಿ ಹೇಳಿದರೆ, ಊರವರಿಗೆ ಸಿಕ್ಕ ಆ ಸೇವೆಯಲ್ಲಿ ಒಬ್ಬ ಪುಟ್ಟ ಹುಡುಗಿಯ ದುಡಿಮೆಯೂ ಸೇರಿದೆ. ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಇದರಿಂದ ಅಜ್ಜಿ ಸಣ್ಣವರಾಗುತ್ತಾರೆಂದು ಹೆದರಬೇಡಿ. ತಾಯಿ ಬೇಡವೆಂದರೆ ಒತ್ತಾಯ ಬೇಡ, ಅವರಿಗಾಗಿ ಬೇರೆ ಹಾಳೆಯಲ್ಲಿ ಬರೆದುಕೊಡಿ.

ನೋಟ್‌ಬುಕ್ಕಿನ ಹೆಸರುಗಳನ್ನಂತೂ ಅಚ್ಚುಹಾಕಲೇಬೇಡಿ. ಜನ ತಮ್ಮ ಕಾಯಿಲೆ, ಜಗಳ, ಸಾಲಗಳನ್ನು ಅಜ್ಜಿಯೊಬ್ಬರನ್ನೇ ನಂಬಿ ಹೇಳಿಕೊಂಡಿದ್ದರು. ಪುಟಗಳ ಫೋಟೊ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಲ್ಯಾಮಿನೇಷನ್ ಬೇಡ, ಆ ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಬಲು ಕಷ್ಟ. ಹರಿದ ಹಾಳೆಗೆ ಸೆಲ್ಲೋಟೇಪೂ ಬೇಡ, ವರ್ಷಗಳಾದ ಮೇಲೆ ಅದರ ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಹಳೆಯ ಫೋಟೊಗಳ ಹಿಂದೆ ಹೆಸರು ಬರೆಯುವುದಿದ್ದರೆ ಮೆತ್ತಗಿನ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ.

ಪ್ರಶ್ನೆ: ನಮ್ಮಜ್ಜಿ ಇನ್ನೂ ಇದ್ದಾರೆ, ಇಂಥದೇ ಸೇವೆಯಲ್ಲಿ ಬಾಳು ಸವೆಸಿದವರು. ರೆಕಾರ್ಡ್ ಮಾಡೋಣವೆಂದರೆ ‘ನಂದೇನಿದೆ ಹೇಳೋಕೆ’ ಎನ್ನುತ್ತಾರೆ.
– ಮೊಮ್ಮಗ

ಉತ್ತರ: ‘ನಿಮ್ಮ ಜೀವನದ ಬಗ್ಗೆ ಹೇಳಿ’ ಎಂದರೆ ಯಾರಿಗೂ ಮಾತು ಹೊರಡುವುದಿಲ್ಲ. ಅಜ್ಜಿ ದಿನಾ ಮುಟ್ಟುವ ಒಂದು ವಸ್ತುವನ್ನು, ಪ್ರಾರ್ಥನೆಯ ಪುಸ್ತಕವೋ ಹಳೆಯ ಕತ್ತರಿಯೋ, ಅವರ ಕೈಗಿಟ್ಟು ಇದು ಎಲ್ಲಿಂದ ಬಂತು ಎಂದು ಕೇಳಿ. ರೆಕಾರ್ಡ್ ಮಾಡುತ್ತಿದ್ದೇನೆಂದು ಮೊದಲೇ ತಿಳಿಸಿ, ಫ್ಯಾನ್ ಆರಿಸಿ, ಫೋನನ್ನು ಅವರ ಹತ್ತಿರ ಮೆತ್ತನೆಯ ಬಟ್ಟೆಯ ಮೇಲಿಡಿ. ಶುರುವಿನಲ್ಲಿ ಅವರ ಹೆಸರು, ಅಂದಿನ ತಾರೀಖು ಹೇಳಿ. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಪ್ರಶ್ನೆಗೆ ಧಾವಿಸಬೇಡಿ. ಒಳ್ಳೆಯ ಮಾತು ಎಷ್ಟೋ ಸಲ ಆಮೇಲೇ ಬರುತ್ತದೆ. ದಣಿವು ಕಂಡ ಕೂಡಲೇ ನಿಲ್ಲಿಸಿ. ಇನ್ನೊಂದು ದಿನ, ಅವರಿಗೆ ಕಷ್ಟ ಬಂದಾಗ ನೋಡಿಕೊಂಡವರು ಯಾರು ಎಂದು ಕೇಳಿ. ಸೇವೆ ಮಾಡಿದವರನ್ನು ಈ ಪ್ರಶ್ನೆ ಕೇಳುವವರು ಬಹಳ ಕಡಿಮೆ.