ಜ್ವರ ಬರಬಹುದು ಅಂತ ಮೊದಲೇ ಹೇಳಿಬಿಡಿ

ಸಮುದಾಯ ಆರೋಗ್ಯ ತಜ್ಞರು ಈ ವಾರ ಲಸಿಕೆ ಕುರಿತ ಮೂರು ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಂಜೆ ಹೊತ್ತು ಹೆಂಗಸರಿಗೆ, ವಯಸ್ಸಾದವರಿಗೆ ಓದು ಬರಹ ಕಲಿಸುತ್ತೇನೆ. ಕೊರೊನಾ ಸಮಯದಲ್ಲಿ ಲಸಿಕೆಯ ಕರಪತ್ರ ಓದಿಸಿದೆ, ಆಶಾ ಕಾರ್ಯಕರ್ತೆಯನ್ನು ಕರೆಸಿ ಮಾತಾಡಿಸಿದೆ. ಎಲ್ಲರೂ ತಲೆಯಾಡಿಸಿದರು. ಸೂಜಿ ಹಾಕುವ ದಿನ ಎಷ್ಟೋ ಜನ ಬೆಳಿಗ್ಗೆಯೇ ಗದ್ದೆ ಕಡೆ ಹೋಗಿಬಿಟ್ಟಿದ್ದರು. ಮುಂದೆ ಇಂಥದ್ದೇ ಕಾಯಿಲೆ ಬಂದರೆ ಹೇಗೆ ಹೇಳಿಕೊಡಬೇಕು?

ಉತ್ತರ: ತಲೆಯಾಡಿಸಿದ ಮಾತ್ರಕ್ಕೆ ಒಪ್ಪಿದರು ಅಂದುಕೊಳ್ಳಬೇಡಿ ಮೇಡಂ. ನಮ್ಮ ಕಡೆ ಮೇಷ್ಟ್ರು, ಡಾಕ್ಟ್ರು ಹೇಳಿದ್ದಕ್ಕೆ ಎದುರು ಮಾತಾಡಬಾರದು ಅಂತ ‘ಆಯ್ತು ಬುಡಿ’ ಅನ್ನುತ್ತಾರೆ. ಅಸಲಿ ಅನುಮಾನ ಬಾಯಿಗೆ ಬರುವುದು ಸಂಜೆ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ.

ಹಾಗಾಗಿ ಕರಪತ್ರ ಆಮೇಲೆ. ಮೊದಲು ‘ನಿಮ್ಮ ಕಿವಿಗೆ ಏನೇನು ಬಿದ್ದಿದೆ, ಹೇಳಿ’ ಅಂತ ಕೇಳಿ. ಹೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಮಕ್ಕಳಾಗಲ್ವಂತೆ, ಎರಡು ವರ್ಷಕ್ಕೆ ಸಾಯ್ತಾರಂತೆ, ಬಾಡು ತಿನ್ನಂಗಿಲ್ವಂತೆ, ಎಣ್ಣೆ ಹಾಕಂಗಿಲ್ವಂತೆ. ನಗಬೇಡಿ. ಯಾರನ್ನೂ ತಿದ್ದಬೇಡಿ. ದೊಡ್ಡವರು ಖಾಲಿ ಸ್ಲೇಟು ಹಿಡಿದುಕೊಂಡು ಬರುವುದಿಲ್ಲ, ನಾಲ್ಕು ಕಡೆ ಕೇಳಿ, ಅನುಭವಿಸಿ ಬಂದಿರುತ್ತಾರೆ. ಅದನ್ನು ಹೊರಗೆ ಹಾಕಲು ಜಾಗ ಸಿಕ್ಕ ಮೇಲಷ್ಟೇ ಹೊಸದಕ್ಕೆ ಕಿವಿ ಕೊಡುತ್ತಾರೆ.

ಬೋರ್ಡು ತುಂಬಿದ ಮೇಲೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ‘ಭಯ’ ಅಂದವರಲ್ಲಿ ಕೆಲವರ ಭಯ ಲಸಿಕೆಯದ್ದೇ ಅಲ್ಲ. ಜ್ವರ ಬಂದು ಎರಡು ದಿನ ಮಲಗಿದರೆ ಹಸು ಕರೆಯುವವರು ಯಾರು? ನಾಟಿ ಕೂಲಿ ಹೋದರೆ ಕೊಡುವವರು ಯಾರು? ಇದಕ್ಕೆ ವೈರಸ್ಸಿನ ಚಿತ್ರ ತೋರಿಸಿ ಏನು ಪ್ರಯೋಜನ? ಗಂಡ ಹೆಂಡತಿ ಬೇರೆ ಬೇರೆ ದಿನ ಹಾಕಿಸಿಕೊಳ್ಳಿ ಅನ್ನಿ. ನಾಟಿ ಮುಗಿದ ವಾರದಲ್ಲಿ ಊರಲ್ಲೇ ಶಿಬಿರ ಇಡಿ ಅಂತ ಆರೋಗ್ಯ ಕೇಂದ್ರದವರನ್ನು ಕೇಳಿ. ಅರ್ಧ ಭಯ ಅಲ್ಲೇ ಕರಗುತ್ತದೆ.

ಇನ್ನು ಪಾಠದ ವಿಷಯ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಅಡ್ಡಪರಿಣಾಮ. ಕೋವಿಶೀಲ್ಡ್ ಹಾಕಿಸಿಕೊಂಡ ಬಹಳ ಜನಕ್ಕೆ ಜ್ವರ, ಮೈಕೈ ನೋವು, ತೋಳು ನೋವು ಬಂತು. ಒಂದೆರಡು ದಿನದಲ್ಲಿ ಹೋಯಿತು. ‘ಏನೂ ಆಗಲ್ಲ’ ಅಂತ ಕಳಿಸಿದ್ದರೆ ಆ ಮನುಷ್ಯ ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾ ನಿಮ್ಮನ್ನೇ ಬೈದುಕೊಳ್ಳುತ್ತಾನೆ, ಬೆಳಿಗ್ಗೆ ಡೈರಿಯಲ್ಲಿ ಹತ್ತು ಜನಕ್ಕೆ ಹೇಳುತ್ತಾನೆ. ‘ಜ್ವರ ಬರಬಹುದು, ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ’ ಅಂತ ಮೊದಲೇ ಅಂದಿದ್ದರೆ, ಅದೇ ಜ್ವರ ನಿಮ್ಮ ಮಾತು ನಿಜ ಅನ್ನುವುದಕ್ಕೆ ಸಾಕ್ಷಿ. ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದೂ ಉಂಟು. ಅದನ್ನೂ ಮುಚ್ಚಿಡಬೇಡಿ. ಜೊತೆಗೇ ಕೊರೊನಾ ಬಂದವರಲ್ಲಿ ಆ ತೊಂದರೆ ಇನ್ನೂ ಜಾಸ್ತಿ ಅಂತ ಹೇಳಿ. ಅರ್ಧ ಗಂಟೆ ಕೂರಿಸಿದ್ದು ಯಾಕೆ ಅನ್ನುವುದನ್ನೂ ಬಿಡಿಸಿ ಹೇಳಿ. ತೀವ್ರ ಅಲರ್ಜಿ ಆಗುವುದಿದ್ದರೆ ಸಾಮಾನ್ಯವಾಗಿ ಅಷ್ಟರೊಳಗೇ ಆಗುತ್ತದೆ, ಅದಕ್ಕೆ ಔಷಧಿ ಅಲ್ಲೇ ಇರುತ್ತದೆ.

ಎರಡನೇ ಡೋಸಿನ ಗಲಾಟೆ ನೆನಪಿದೆ ಅಲ್ವಾ? ಮೊದಲು 4ರಿಂದ 6 ವಾರ ಅಂದರು. 2021ರ ಮಾರ್ಚಿನಲ್ಲಿ 6ರಿಂದ 8 ಆಯಿತು, ಮೇ ತಿಂಗಳಲ್ಲಿ 12ರಿಂದ 16. ‘ಸ್ಟಾಕ್ ಇಲ್ಲ, ಅದಕ್ಕೇ ಸುಳ್ಳು ಹೇಳ್ತಾರೆ’ ಅಂತ ಜನ ಆಡಿಕೊಂಡರು. ಅಂತರ ಹೆಚ್ಚಾದರೆ ಕೋವಿಶೀಲ್ಡ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಹೊರದೇಶದ ಅಧ್ಯಯನಗಳು ತೋರಿಸಿದ್ದವು. ಆಗ ಲಸಿಕೆಯ ಕೊರತೆ ಇದ್ದದ್ದೂ ಸುಳ್ಳಲ್ಲ. ಎರಡನ್ನೂ ಹೇಳಬೇಕಿತ್ತು. ಒಂದನ್ನೇ ಹೇಳಿದರೆ ಇನ್ನೊಂದನ್ನು ಜನ ತಾವೇ ಹುಡುಕಿಕೊಳ್ಳುತ್ತಾರೆ.

ಮಕ್ಕಳಾಗಲ್ಲ ಅನ್ನುವ ಮಾತನ್ನು ಗಂಡಸರ ಮುಂದೆ ಎತ್ತಬೇಡಿ. ಹೆಂಗಸರನ್ನೇ ಕೂರಿಸಿಕೊಂಡು ಸಿಸ್ಟರ್ ಕೈಲಿ ಹೇಳಿಸಿ. ಬಂಜೆತನಕ್ಕೂ ಲಸಿಕೆಗೂ ನಂಟಿಲ್ಲ. ಕೆಲವರಿಗೆ ಆ ತಿಂಗಳ ಮುಟ್ಟು ಸ್ವಲ್ಪ ಹಿಂದೆ ಮುಂದೆ ಆಗಿದ್ದುಂಟು, ಆಮೇಲೆ ಸರಿಹೋಯಿತು. ಬಾಡೂಟಕ್ಕೆ ಅಡ್ಡಿಯೇ ಇರಲಿಲ್ಲ, ಅದನ್ನು ಹೇಳಿದರೆ ಮಂಡ್ಯದಲ್ಲಿ ಅರ್ಧ ಕೆಲಸ ಮುಗಿದ ಹಾಗೆ!

ಯಾರ ಬಾಯಿಂದ ಹೇಳಿಸುತ್ತೀರಿ ಅನ್ನುವುದೂ ಮುಖ್ಯ. ಇದು ಮೈಸೂರು ಸೀಮೆಗೆ ಹೊಸದಲ್ಲ. ಸಿಡುಬಿಗೆ ಲಸಿಕೆ ಬಂದ ಹೊಸದರಲ್ಲಿ, 1805ರ ಸುಮಾರಿಗೆ, ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಬಲಗಡೆ ಇರುವವರು ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆ, ಜನ ಹೆದರದೆ ಮುಂದೆ ಬರಲಿ ಅಂತಲೇ ಇದನ್ನು ಬರೆಸಿದ್ದು ಅನ್ನುವುದು ಇತಿಹಾಸಕಾರರೊಬ್ಬರ ವಾದ. ಈಗ ಆ ಕೆಲಸಕ್ಕೆ ಸಿನಿಮಾದವರನ್ನು ಹುಡುಕುವುದಕ್ಕಿಂತ ಡೈರಿ ಸೆಕ್ರೆಟರಿ, ಸ್ತ್ರೀಶಕ್ತಿ ಸಂಘದ ಅಕ್ಕ, ಊರಿನ ನಿವೃತ್ತ ಮೇಷ್ಟ್ರು ವಾಸಿ. ಹಾಕಿಸಿಕೊಂಡ ಮಾರನೇ ದಿನವೂ ಅವರು ಕಣ್ಣೆದುರಿಗೇ ಓಡಾಡುತ್ತಿರುತ್ತಾರೆ.

ಕೊನೆಗೆ ‘ಅರ್ಥ ಆಯ್ತಾ?’ ಅಂತ ಮಾತ್ರ ಕೇಳಬೇಡಿ. ‘ಮನೇಲಿ ಅತ್ತೆಗೆ ಹೇಗೆ ಹೇಳ್ತೀರಾ, ನನಗೇ ಹೇಳಿ ನೋಡೋಣ’ ಅನ್ನಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದ ಮತ್ತೆ ಶುರು ಮಾಡಿ.

ಪ್ರಶ್ನೆ: ನಮ್ಮ ತಂದೆಗೆ 70 ವರ್ಷ, ಬಿಪಿ, ಶುಗರ್ ಇದೆ. 2021ರಲ್ಲಿ ಪಕ್ಕದ ಮನೆಯವರು ಲಸಿಕೆ ಹಾಕಿಸಿಕೊಂಡ ಮೂರನೇ ದಿನ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅಂದಿನಿಂದ ಅಪ್ಪ ಯಾವ ಲಸಿಕೆಯೂ ಬೇಡ ಅನ್ನುತ್ತಾರೆ. ಈಗ ಡಾಕ್ಟರ್ ಫ್ಲೂ ಲಸಿಕೆ ಹಾಕಿಸಿ ಅಂದಿದ್ದಾರೆ. ಹೇಗೆ ಒಪ್ಪಿಸಲಿ? (ಕುವೆಂಪುನಗರ, ಮೈಸೂರು)

ಉತ್ತರ: ಆ ಸಾವಿನ ಬಗ್ಗೆ ವಾದಕ್ಕೆ ಇಳಿಯಬೇಡಿ. ಅವರು ಕಳೆದುಕೊಂಡಿರುವುದು ದಿನಾ ಜೊತೆಗೆ ಮಾತಾಡುತ್ತಿದ್ದ ಗೆಳೆಯನನ್ನು. ಸ್ವಲ್ಪ ದಿನ ಬಿಟ್ಟು ಒಂದೇ ಮಾತು ಹೇಳಿ. ಆ ವಯಸ್ಸಿನವರಲ್ಲಿ ಲಸಿಕೆ ಇರಲಿ, ಇಲ್ಲದಿರಲಿ, ದಿನಾ ಎಷ್ಟೋ ಜನಕ್ಕೆ ಹಾರ್ಟ್ ಅಟ್ಯಾಕ್ ಆಗುತ್ತದೆ. ಲಕ್ಷಾಂತರ ಜನ ಒಂದೇ ವಾರ ಲಸಿಕೆ ಹಾಕಿಸಿಕೊಂಡಾಗ ಅವರಲ್ಲಿ ಕೆಲವರಿಗೆ ಅದೇ ವಾರ ಆಗಿಯೇ ಆಗುತ್ತದೆ. ಕಾರಣ ಲಸಿಕೆಯೋ ಅಲ್ಲವೋ ಅಂತ ಪ್ರಕರಣ ನೋಡಿಯೇ ತಜ್ಞರು ತೀರ್ಮಾನಿಸಬೇಕು. ನಾವು ನೀವು ಜಗುಲಿ ಮೇಲೆ ಕೂತು ಹೇಳುವುದಲ್ಲ.

ಫ್ಲೂ ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ವೈರಸ್ ರೂಪ ಬದಲಿಸುವುದರಿಂದ ವರ್ಷಕ್ಕೊಮ್ಮೆ ಹಾಕಿಸಬೇಕು. ಬಿಪಿ, ಶುಗರ್ ಮಾತ್ರೆ ನಿಲ್ಲಿಸುವಂತಿಲ್ಲ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ಚುಚ್ಚಿದ ಜಾಗವನ್ನು ಕೆಲವು ನಿಮಿಷ ಒತ್ತಿ ಹಿಡಿಯಲಿ. ಇಷ್ಟನ್ನೂ ನೀವು ಹೇಳುವುದಕ್ಕಿಂತ, ವರ್ಷಗಳಿಂದ ನೋಡುತ್ತಿರುವ ಡಾಕ್ಟರ ಹತ್ತಿರ ಅವರನ್ನು ಒಬ್ಬರನ್ನೇ ಒಳಗೆ ಬಿಡಿ. ಮಕ್ಕಳ ಮುಂದೆ ‘ನನಗೆ ಹೆದರಿಕೆ’ ಅನ್ನಲು ಅಪ್ಪಂದಿರಿಗೆ ಆಗುವುದಿಲ್ಲ.

ಪ್ರಶ್ನೆ: ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ ಲಸಿಕೆ ವಿರುದ್ಧದ ಸುಳ್ಳು ವಿಡಿಯೊ ಹಾಕುತ್ತಲೇ ಇರುತ್ತಾರೆ. ಏನು ಮಾಡಲಿ?

ಉತ್ತರ: ಗ್ರೂಪಿನಲ್ಲಿ ಜಗಳ ಬೇಡ. ಎಲ್ಲರೆದುರು ಮರ್ಯಾದೆ ಹೋದರೆ ಅವರು ಇನ್ನೂ ಹತ್ತು ಹಾಕುತ್ತಾರೆ. ಫೋನ್ ಮಾಡಿ, ‘ಚಿಕ್ಕಪ್ಪ, ಇದರಲ್ಲಿ ನಿಮಗೆ ಯಾವುದು ನಿಜ ಅನ್ನಿಸ್ತು?’ ಅಂತ ಕೇಳಿ. ಅಷ್ಟಕ್ಕೆ ಮಾತ್ರ ಉತ್ತರ ಕೊಡಿ. ‘ಇದು ಸುಳ್ಳು, ನೋಡಿ’ ಅಂತ ಆ ವಿಡಿಯೊವನ್ನೇ ಮುಂದಕ್ಕೆ ಕಳಿಸಬೇಡಿ. ನೋಡುವವರಿಗೆ ವಿಡಿಯೊ ನೆನಪಿರುತ್ತದೆ, ನಿಮ್ಮ ಸಾಲು ಮರೆತುಹೋಗುತ್ತದೆ. ಗ್ರೂಪಿಗೆ ಏನಾದರೂ ಹಾಕಲೇಬೇಕು ಅನ್ನಿಸಿದರೆ ಮೊದಲ ಸಾಲಿನಲ್ಲೇ ನಿಜ ಸಂಗತಿ ಬರೆಯಿರಿ.